ಒತ್ತಕ್ಷರ ತಾಗಿದಲ್ಲಿ ಬಿಳಿ ಕಿಂಡಿ ಏಕೆ?

ನಿಲಕ್ಕೋಟ್ಟೈಯಿಂದ ನೀವು ಕಳಿಸಿದ ಮದುವೆ ಬ್ಯಾನರಿನ ಕನ್ನಡ ಹೆಸರಿನಲ್ಲಿ, ಇಂಕ್‌ಸ್ಕೇಪಿನಲ್ಲಿ ಅಕ್ಷರಗಳ ಆಕಾರಗಳನ್ನು ಕಂಬೈನ್ ಮಾಡಿದ ಮೇಲೆ ಒತ್ತಕ್ಷರ ತಾಗಿದಲ್ಲೆಲ್ಲ ಬಿಳಿ ಕಿಂಡಿ ಬಿದ್ದಿರುವುದು ಫಾಂಟಿನ ದೋಷವಲ್ಲ, ಬಣ್ಣ ತುಂಬುವ ನಿಯಮದ ಫಲ. ಸಮ-ಬೆಸ ನಿಯಮದಲ್ಲಿ, ಒಂದು ಬಿಂದುವಿನಿಂದ ಹೊರಕ್ಕೆಳೆದ ಗೆರೆ ಸಮಸಂಖ್ಯೆಯ ಅಂಚುಗಳನ್ನು ದಾಟಿದರೆ ಆ ಜಾಗ ಖಾಲಿ. ಎರಡು ಆಕಾರ ಒಂದರ ಮೇಲೊಂದು ಬಂದಲ್ಲಿ ಆಗುವುದು ಇದೇ. ಶೂನ್ಯೇತರ ನಿಯಮ ಅಂಚಿನ ದಿಕ್ಕನ್ನೂ ಲೆಕ್ಕಕ್ಕೆ ಹಿಡಿಯುತ್ತದೆ: ಒಂದೇ ದಿಕ್ಕಿನವು ಕೂಡಿಕೊಂಡಾಗ ಬಣ್ಣ ತುಂಬುತ್ತದೆ, ಎದುರು ದಿಕ್ಕಿನವು ಕಳೆದು ಸೊನ್ನೆಯಾಗುತ್ತವೆ. ‘ಠ’ದ ಒಳಬಯಲು ಉಳಿಯುವುದು ಹೀಗೆಯೇ. ಟ್ರೂಟೈಪ್ ಫಾಂಟುಗಳು ಈ ನಿಯಮವನ್ನೇ ನಂಬಿವೆ, ಎಸ್‌ವಿಜಿಯಲ್ಲೂ ನೀವು ಬೇರೆ ಹೇಳದಿದ್ದರೆ ಇದೇ. ಇಂಕ್‌ಸ್ಕೇಪಿನ ಫಿಲ್ ವಿಭಾಗದಲ್ಲಿ ಶೂನ್ಯೇತರ ನಿಯಮವನ್ನು ಆರಿಸಿ. ಒಳಬಯಲು ಮುಚ್ಚಿಹೋದರೆ ಆ ಅಂಚಿನ ದಿಕ್ಕನ್ನು ತಿರುಗಿಸಿ. ಎಲ್ಲವನ್ನೂ ಯೂನಿಯನ್ ಮಾಡಿ ಒಂದೇ ಆಕಾರವಾಗಿ ಬೆಸೆದರೆ ಸಾಲದೇ ಎನ್ನಬಹುದು. ನಿಜ, ವಿನೈಲ್ ಕತ್ತರಿಸುವ ಯಂತ್ರ ಗೆರೆಯನ್ನಷ್ಟೇ ಹಿಂಬಾಲಿಸುವುದರಿಂದ ಅದಕ್ಕೆ ಯೂನಿಯನ್ನೇ ಬೇಕು. ಆದರೆ ಆಮೇಲೆ ಒತ್ತನ್ನು ಬೇರೆಯಾಗಿ ಸರಿಸಲಾಗದು. ಹಾಗಾಗಿ ಮೂಲ ಪ್ರತಿಯನ್ನು ದಯವಿಟ್ಟು ಉಳಿಸಿಕೊಳ್ಳಿ.