ಸಿಮ್ ರೂಟರ್ ಇರುವ ಮನೆಗೆ ವಿಪಿಎನ್ ದಾರಿ

ಫೈಬರ್ ಕೇಬಲ್ ಇನ್ನೂ ತಲುಪದ ಮಲೆನಾಡಿನ ಒಂಟಿಮನೆಗಳಲ್ಲಿ ಇಂಟರ್ನೆಟ್ ಎಂದರೆ ಸಿಮ್ ಹಾಕಿದ 4ಜಿ ರೂಟರ್. ಮನೆಯೊಳಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಬೆಂಗಳೂರಿನಲ್ಲಿರುವ ಮಗಳು ಊರಮನೆಯ ಅಂಗಳದ ಕ್ಯಾಮೆರಾ ನೋಡಲು ಹೊರಟಾಗ ತೊಡಕು ಶುರು. ಪೋರ್ಟ್ ಫಾರ್ವರ್ಡಿಂಗ್ ಮಾಡಿಕೊಳ್ಳಿ ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ. ಇಲ್ಲಿ ಅದು ನಡೆಯುವುದಿಲ್ಲ.

ರೂಟರ್‌ನ ಸ್ಟೇಟಸ್ ಪುಟದಲ್ಲಿ ಸಿಮ್‌ಗೆ ಸಿಕ್ಕ ಐಪಿ ವಿಳಾಸ ನೋಡಿ. ಅದು 10ರಿಂದ ಆರಂಭವಾಗಿದ್ದರೆ, ಇಲ್ಲವೇ 100.64ರಿಂದ 100.127ರ ನಡುವೆ ಇದ್ದರೆ, ನಿಮ್ಮದು ಸಿಜಿನ್ಯಾಟ್ ಸಂಪರ್ಕ. ಐಪಿವಿ4 ವಿಳಾಸಗಳು ಸಾಲದೆ ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುತ್ತವೆ. ಒಳಗಿನಿಂದ ಹೋದ ಕರೆಗೆ ಉತ್ತರ ಬರುತ್ತದೆ. ಹೊರಗಿನವರು ತಾವಾಗಿ ಕರೆದರೆ ಅದು ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ಆದ್ದರಿಂದ ವಿಪಿಎನ್ ಸುರಂಗವನ್ನು ಮನೆಯಿಂದಲೇ ಹೊರಕ್ಕೆ ತೋಡಬೇಕು.

ಅದಕ್ಕೆ ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ತಂತ್ರಾಂಶ ಹಾಕಬಹುದಾದ ರೂಟರ್ ಮತ್ತು ಸಾರ್ವಜನಿಕ ಐಪಿ ಇರುವ ಚಿಕ್ಕ ಬಾಡಿಗೆ ಸರ್ವರ್ ಬೇಕು. ವಿದೇಶಿ ಸಿನಿಮಾ ನೋಡಲು ಕೊಳ್ಳುವ ವಿಪಿಎನ್ ಚಂದಾ ಈ ಕೆಲಸಕ್ಕೆ ಆಗದು.

ಮೊದಲು ಮನೆಯ ಜಾಲದ ವಿಳಾಸವನ್ನು 192.168.1ರಿಂದ 192.168.77ಕ್ಕೆ ಬದಲಿಸಿ. ಮಗಳ ಮನೆಯ ವೈಫೈ ಕೂಡ 192.168.1 ಆಗಿದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ನಂತರ ಸರ್ವರ್‌ನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಹಾಕಿ, ಯುಡಿಪಿ 51820 ಪೋರ್ಟ್ ತೆರೆದು, ಐಪಿ ಫಾರ್ವರ್ಡಿಂಗ್ ಆನ್ ಮಾಡಿ. ಸುರಂಗದೊಳಗೆ ಸರ್ವರ್‌ಗೆ 10.8.0.1, ರೂಟರ್‌ಗೆ 10.8.0.2, ಮಗಳ ಫೋನ್‌ಗೆ 10.8.0.3 ಕೊಡಿ. ಸರ್ವರ್‌ನಲ್ಲಿ ರೂಟರ್‌ನ ಹೆಸರಿಗೆ ಅಲೋಡ್ ಐಪಿಸ್ (AllowedIPs) ಎಂಬಲ್ಲಿ 10.8.0.2/32ರ ಜೊತೆ 192.168.77.0/24 ಸಹ ಬರೆಯಬೇಕು. ಇದನ್ನು ಬಿಟ್ಟರೆ ರೂಟರ್ ಸಿಕ್ಕರೂ ಕ್ಯಾಮೆರಾ ಸಿಗುವುದಿಲ್ಲ. ಫೋನ್‌ನಲ್ಲಿ ಅದೇ ಜಾಗದಲ್ಲಿ 10.8.0.0/24 ಮತ್ತು 192.168.77.0/24 ಎರಡನ್ನೂ ನಮೂದಿಸಿ.

ರೂಟರ್‌ನಲ್ಲಿ ವೈರ್‌ಗಾರ್ಡ್ ಇಂಟರ್ಫೇಸನ್ನು ಫೈರ್‌ವಾಲ್‌ನ ಲ್ಯಾನ್ ವಲಯಕ್ಕೆ ಸೇರಿಸಿ. ಪರ್ಸಿಸ್ಟೆಂಟ್ ಕೀಪ್‌ಅಲೈವ್ ಎಂಬಲ್ಲಿ 25 ಎಂದು ತುಂಬಿ. ಎಲ್ಲಕ್ಕಿಂತ ಮುಖ್ಯ ಇದೇ. ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಮೊಬೈಲ್ ಜಾಲ ಆ ಸಂಪರ್ಕವನ್ನೇ ಮರೆತುಬಿಡುತ್ತದೆ. 25 ಸೆಕೆಂಡಿಗೊಮ್ಮೆ ಹೋಗುವ ಪುಟ್ಟ ಪ್ಯಾಕೆಟ್ ಸುರಂಗವನ್ನು ತೆರೆದಿಡುತ್ತದೆ.

ಫೋನ್‌ನ ಸೆಟ್ಟಿಂಗನ್ನು ಕ್ಯೂಆರ್ ಕೋಡ್ ಮೂಲಕ ಕೊಡಬಹುದು. ಆದರೆ ಅದರೊಳಗೆ ಸುರಂಗಕ್ಕೆ ಪ್ರವೇಶ ಕೊಡುವ ಖಾಸಗಿ ಕೀಲಿಯೂ ಇರುತ್ತದೆ. ದಯವಿಟ್ಟು ಅದರ ಫೋಟೊ ತೆಗೆದು ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ.

ಪರೀಕ್ಷಿಸುವಾಗ ಫೋನ್‌ನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನೋಡಿ. ಸರ್ವರ್‌ನಲ್ಲಿ ಲೇಟೆಸ್ಟ್ ಹ್ಯಾಂಡ್‌ಶೇಕ್ ಎರಡು ಮೂರು ನಿಮಿಷದೊಳಗಿನದಾದರೆ ಸಂಪರ್ಕ ಗಟ್ಟಿ. ಹ್ಯಾಂಡ್‌ಶೇಕ್ ಆಗಿಯೂ ಚಿತ್ರ ಅರ್ಧಕ್ಕೇ ನಿಂತರೆ ಪ್ಯಾಕೆಟ್ ಗಾತ್ರದ ಮಿತಿಯಾದ ಎಂಟಿಯುವನ್ನು 1280ಕ್ಕೆ ಇಳಿಸಿ.

ಕರೆಂಟ್ ಹೋಗಿ ಬಂದ ಮೇಲೆ ಸುರಂಗ ಏಳದಿದ್ದರೆ ರೂಟರ್‌ನ ಗಡಿಯಾರ ನೋಡಿ. ಹೆಚ್ಚಿನ ರೂಟರ್‌ಗಳೊಳಗೆ ಗಡಿಯಾರದ ಬ್ಯಾಟರಿ ಇರುವುದಿಲ್ಲ, ಹಳೆಯ ಸಮಯದಲ್ಲೇ ಎದ್ದುಬಿಡುತ್ತವೆ. ಹಿಂದಿನ ಸಮಯ ಹೊತ್ತು ಬಂದ ಹ್ಯಾಂಡ್‌ಶೇಕನ್ನು ವೈರ್‌ಗಾರ್ಡ್ ಒಪ್ಪುವುದಿಲ್ಲ. ಇಂಟರ್ನೆಟ್‌ನಿಂದ ಸಮಯ ಸರಿಪಡಿಸುವ ಎನ್‌ಟಿಪಿ ಆನ್ ಇರಲಿ. ಅದು ಸುರಂಗದ ಹೊರಗಿನ ಮಾಮೂಲಿ ಇಂಟರ್ನೆಟ್‌ನಲ್ಲೇ ಹೋಗುವಂತಿರಲಿ.