ಧ್ಯಾನವೊಲಿಯದವರಿಗೆ ವಿಶ್ರಾಂತಿಯ ಮಾರ್ಗಗಳು

ಪ್ರಾರ್ಥನೆಯ ವೇಳೆಯಲ್ಲಿ ಕಣ್ಣು ಮುಚ್ಚಿ ಕುಳಿತ ಮಕ್ಕಳಲ್ಲಿ ಒಬ್ಬನಾದರೂ ಅರೆಗಣ್ಣು ತೆರೆದು ಅತ್ತಿತ್ತ ನೋಡುತ್ತಿರುವನು. ಗುರುಗಳು ಗದರಿದೊಡನೆ ಕಣ್ಣು ಮುಚ್ಚುವನು. ಆದರೆ ಮನಸ್ಸಿಗೆ ರೆಪ್ಪೆಗಳಿಲ್ಲ. ಹಿರಿಯರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಧ್ಯಾನಕ್ಕೆಂದು ಕುಳಿತೊಡನೆ ಸಾಲದ ಕಂತು, ಮಗಳ ಮದುವೆ, ಹೊಲದ ಮೇರೆಯ ತಂಟೆ ಇವೆಲ್ಲ ಸಾಲುಗಟ್ಟಿ ಬರುವುವು. ತಮಗೆ ಆ ಯೋಗ್ಯತೆಯೇ ಇಲ್ಲವೆಂದು ನೊಂದು ಎದ್ದುಹೋಗುವವರು ಅನೇಕರು.

ಈ ನೋವಿಗೆ ಕಾರಣವಿಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನಂತಹ ವೀರನೇ ಮನೋನಿಗ್ರಹವು ಗಾಳಿಯನ್ನು ತಡೆದಷ್ಟು ಕಠಿಣವೆಂದು ಒಪ್ಪಿಕೊಂಡಿದ್ದಾನೆ. ಕೃಷ್ಣನು ಅವನನ್ನು ಜರೆಯಲಿಲ್ಲ. ಕಷ್ಟವೇ ಸರಿಯೆಂದು ಒಪ್ಪಿ, ಅಭ್ಯಾಸ ವೈರಾಗ್ಯಗಳ ದಾರಿಯನ್ನು ತೋರಿದನು. ಧ್ಯಾನವು ಬಹುಕಾಲದ ಸಾಧನೆ. ವಿಶ್ರಾಂತಿಯಾದರೋ ಪ್ರತಿಯೊಬ್ಬನ ನಿತ್ಯದ ಅವಶ್ಯಕತೆ. ಧ್ಯಾನವೊಲಿಯದವನು ವಿಶ್ರಾಂತಿಗೂ ಎರವಾಗಬೇಕಾಗಿಲ್ಲ. ಆದರೆ ಎಲ್ಲರ ದಣಿವೂ ಒಂದೇ ಅಲ್ಲ. ದಣಿವಿನ ಬಗೆಯನ್ನರಿತು ವಿಶ್ರಾಂತಿಯ ಬಗೆಯನ್ನು ಆರಿಸಿಕೊಳ್ಳಬೇಕು.

ಮೊದಲನೆಯದು ದೇಹದ ದಣಿವು. ಬೋರಗಾಂವದ ಸೀಮೆಯಲ್ಲಿ ಕಬ್ಬು ಕಡಿಯುವವರ ತೋಳು ಸೊಂಟಗಳಿಗೂ, ನಿಪ್ಪಾಣಿಯ ಕಡೆ ದಿನವಿಡೀ ಬೀಡಿ ಕಟ್ಟುವ ತಾಯಂದಿರ ಬೆನ್ನು ಬೆರಳುಗಳಿಗೂ ಇದರ ಪರಿಚಯ ಚೆನ್ನಾಗಿದೆ. ಅಂತಹವರನ್ನು ಸಂಜೆ ಬೆನ್ನು ನೆಟ್ಟಗೆ ಮಾಡಿ ಕೂಡಿರೆನ್ನುವುದು ದಣಿವಿನ ಮೇಲೆ ದಣಿವನ್ನು ಹೇರಿದಂತೆ. ಇವರಿಗೆ ಶವಾಸನವೇ ಯೋಗ್ಯ. ಅದು ಆಯಾಸವನ್ನು ಕಳೆದು ಚಿತ್ತಕ್ಕೆ ವಿಶ್ರಾಂತಿಯನ್ನೀಯುವುದೆಂದು ಹಠಯೋಗಪ್ರದೀಪಿಕೆಯು ಹೇಳುತ್ತದೆ. ಚಾಪೆಯ ಮೇಲೆ ಅಂಗಾತ ಮಲಗಿ, ಕೈಕಾಲುಗಳನ್ನು ಸಡಿಲಬಿಟ್ಟು, ಅಂಗಾಲಿನಿಂದ ನೆತ್ತಿಯವರೆಗೆ ಒಂದೊಂದೇ ಅವಯವವನ್ನು ನೆನೆಯುತ್ತ ಹತ್ತು ನಿಮಿಷವಿದ್ದರೆ ಸಾಕು. ನಿದ್ರೆ ಬಂದರೆ ಅದೂ ಲಾಭವೇ.

ಎರಡನೆಯದು ಚಿಂತೆಯ ಬಿಗುವು. ಪರೀಕ್ಷೆಯ ಹೊಸ್ತಿಲಲ್ಲಿರುವ ವಿದ್ಯಾರ್ಥಿಯ ಹೆಗಲು, ದವಡೆ, ಮುಷ್ಟಿಗಳು ಅವನಿಗರಿಯದಂತೆಯೇ ಬಿಗಿದಿರುತ್ತವೆ. ಬರಿದೆ 'ಸಡಿಲಿಸು' ಎಂದರೆ ಅವು ಸಡಿಲವಾಗವು. ಅಮೆರಿಕೆಯ ವೈದ್ಯ ಎಡ್ಮಂಡ್ ಜೇಕಬ್‌ಸನ್ನರು 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ನಾಯುಗಳನ್ನು ಕ್ರಮಕ್ರಮವಾಗಿ ಸಡಿಲಿಸುವ ವಿಧಾನವನ್ನು ನಿರೂಪಿಸಿದರು. ಇಂದು ರೂಢಿಯಲ್ಲಿರುವ ಕ್ರಮದಂತೆ, ಮುಷ್ಟಿಯನ್ನು ಐದಾರು ಕ್ಷಣ ಬಿಗಿಹಿಡಿದು ಒಮ್ಮೆಲೇ ಬಿಡಬೇಕು. ಹಾಗೆಯೇ ತೋಳು, ಹೆಗಲು, ಮುಖ, ಕಾಲುಗಳು. ಬಿಗಿತವನ್ನು ಅರಿತ ಮೇಲೆಯೇ ಸಡಿಲವು ಅರಿವಿಗೆ ಬರುವುದು. ಇದರೊಡನೆ ನಾಲ್ಕೆಣಿಸುತ್ತ ಉಸಿರನ್ನು ಒಳಗೆಳೆದು, ಆರೆಣಿಸುತ್ತ ಹೊರಬಿಡುವುದೂ ಹಿತಕರ. ನಿಡಿದಾದ ನಿಶ್ವಾಸವು ಹೃದಯದ ಓಟವನ್ನು ತುಸು ನಿಧಾನಗೊಳಿಸುತ್ತದೆ.

ಮೂರನೆಯದು ದುಃಖದ ಭಾರ. ಮನೆಯವರನ್ನು ಕಳೆದುಕೊಂಡವನು ಕಣ್ಣು ಮುಚ್ಚಿದರೆ ಕಾಣುವುದು ಆ ಮುಖವೇ. ಅವನಿಗೆ ಏಕಾಂತ ಮೌನವು ಶಾಂತಿಯಲ್ಲ, ಶಿಕ್ಷೆ. ಅವನ ಕಣ್ಣು ತೆರೆದಿರಲಿ, ಕಿವಿಗೊಂದು ನಾದವಿರಲಿ, ಪಕ್ಕದಲ್ಲಿ ನಾಲ್ವರಿರಲಿ. ಊರ ಗುಡಿಯ ಭಜನೆಯಲ್ಲಿ ತಾಳ ಹಿಡಿದು ಕುಳಿತವನಿಗೆ ಈ ಮೂರೂ ಒಮ್ಮೆಗೇ ದೊರೆಯುವುವು. ಹಾಡುವಾಗ ಉಸಿರು ತಾನಾಗಿಯೇ ನೀಳವಾಗುವುದು. ಹಿಂದಿನ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಬೆಳಗಿನ ಜಾವದಲ್ಲಿ ತವರಿನ ಹಂಬಲವನ್ನು ತ್ರಿಪದಿಯಾಗಿಸಿದುದೂ ಹೀಗೆಯೇ. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಅದಕ್ಕೆ ಸಾಕ್ಷಿ. ಗಿರಣಿ ಬಂದು ತೋಳಿನ ಶ್ರಮ ತಪ್ಪಿತು. ಒಡಲ ಭಾರವನ್ನು ಹಾಡಿ ಇಳುಹುವ ಆ ಹೊತ್ತೂ ಅದರೊಡನೆ ಹೋಯಿತು.

ಶರಣಮಾರ್ಗವು ಮನಸ್ಸಿನ ಈ ಚಂಚಲತೆಯನ್ನು ಬಲ್ಲದು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ತೆರೆದ ಕಣ್ಣಿನಿಂದ ನೋಡುವ ಕ್ರಮದಲ್ಲಿ ಕೈಗೂ ಕಣ್ಣಿಗೂ ಆಸರೆಯಿದೆ. ಹುಲ್ಲಿನ ಹಗ್ಗ ಹೊಸೆಯುವ ಕಾಯಕದ ನುಲಿಯ ಚಂದಯ್ಯನ ಕಥೆಯಂತೂ ಪ್ರಸಿದ್ಧವೇ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಅವನು ಕಾಯಕವನ್ನು ಬಿಡಲಿಲ್ಲವೆನ್ನುತ್ತಾರೆ. ಮನಸ್ಸು ಮಾತ್ರ ದಣಿದವನಿಗೆ ಸಸಿಗೆ ನೀರುಣಿಸುವುದು, ನೂಲುವುದು, ಅಂಗಳ ಗುಡಿಸುವುದು ಮುಂತಾದ ಕೈಗೆಲಸವು ಗುರಿ ಗಡುವುಗಳಿಲ್ಲದೆ ಒದಗಿದರೆ ಅದೇ ವಿಶ್ರಾಂತಿ. ಕೂಲಿಯ ಲೆಕ್ಕಕ್ಕೆ ಬಿದ್ದ ಕೈಗೆ ಮಾತ್ರ ಈ ಮಾತು ಸಲ್ಲದು. ಆ ಕೈಗೆ ಬಿಡುವೇ ಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ವಾರಗಟ್ಟಲೆ ನಿದ್ರೆಯಿಲ್ಲದವರಿಗೆ, ಊಟ ಸೇರದವರಿಗೆ, ಬದುಕೇ ಬೇಡವೆನ್ನುವವರಿಗೆ ಇವು ಯಾವುವೂ ಚಿಕಿತ್ಸೆಯಲ್ಲ. ಅಂತಹವರನ್ನು ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬೆಳಗಾವಿ ಸೀಮೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ದೂರವಾಣಿ 14416 ಇದೆ. ಜ್ವರಕ್ಕೆ ಮದ್ದು ಪಡೆವವನು ಇದಕ್ಕೇಕೆ ನಾಚಬೇಕು?

ಶಿಕ್ಷಕರ ಪಾಲಿಗೆ ಉಳಿಯುವುದು ಇಷ್ಟೇ. ಅರೆಗಣ್ಣು ತೆರೆದ ಬಾಲಕನನ್ನು ಬೆಂಚಿನ ಮೇಲೆ ನಿಲ್ಲಿಸುವ ಬದಲು ಅವನ ಕೈಗೆ ತಾಳವನ್ನೋ ನೀರಿನ ಝಾರಿಯನ್ನೋ ಕೊಟ್ಟು ನೋಡಬೇಕು. ಹಿಂದಿನ ರಾತ್ರಿ ಮನೆಯಲ್ಲಿ ಏನು ನಡೆಯಿತೋ, ಅವನು ಯಾವುದನ್ನು ಕಾಣಲಾರದೆ ಕಣ್ಣು ತೆರೆದನೋ ಬಲ್ಲವರಾರು? ಶಿಕ್ಷೆಯಿಂದ ಕಲಿತ ಧ್ಯಾನವನ್ನು ಅವನು ಶಾಲೆ ಬಿಟ್ಟ ದಿನವೇ ಮರೆಯುವನು. ಮನಸ್ಸು ತಿಳಿಯಾದ ಒಂದು ಗಳಿಗೆಯನ್ನು ಕಂಡವನು ಅದನ್ನು ಮತ್ತೆ ತಾನಾಗಿಯೇ ಅರಸಿಕೊಂಡು ಬರುವನು.