ನೋಟಿಸಿಗೆ ಮುಂಚೆ ಒಂದು ಸಲ ಬಾಗಿಲು ತಟ್ಟು

ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದಾಗಲೇ ಗೊತ್ತಾಯಿತು, ನೀನು ಸರಿಯಾಗಿ ನಿದ್ದೆ ಮಾಡಿಲ್ಲ ಅಂತ. ಪಕ್ಕದವರ ತಾರಸಿ ಪೈಪಿನ ನೀರು ನಿನ್ನ ಗೋಡೆಗೆ ಬಡಿಯುತ್ತಿದೆ, ಒಳಗೆ ಬಣ್ಣ ಎದ್ದು ಉದುರುತ್ತಿದೆ, "ಇನ್ನು ಮಾತಿಲ್ಲ ದೊಡ್ಡಮ್ಮಾ, ಲಾಯರ್ ನೋಟಿಸೇ ಕಳಿಸ್ತೀನಿ" ಅಂದೆ. ನೀನು ಅವರಿಗೆ ಎಷ್ಟು ಸಲ ಹೇಳಿದ್ದೀ ಅಂತ ಕೇಳಿದೆ. ಕೆಲಸದವಳ ಕೈಲಿ ಒಂದು ಸಲ ಹೇಳಿ ಕಳಿಸಿದ್ದೆಯಂತೆ, ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಎರಡು ಸಲ ಬರೆದಿದ್ದೆಯಂತೆ. ಅವರ ಬಾಗಿಲಲ್ಲಿ ನಿಂತು ಒಂದು ಸಲವೂ ಇಲ್ಲ.

ಮೈಸೂರಿನ ಹಳೇ ಮನೆಯ ಹಿತ್ತಿಲ ನುಗ್ಗೆಮರ ನಿನಗೆ ನೆನಪಿರಬೇಕು. ಒಂದು ಮಳೆಗಾಲ ಅದರ ಕಾಂಡದ ತುಂಬ ಕಂಬಳಿಹುಳು ಹತ್ತಿದವು, ತೊಗಟೆಯೇ ಕಾಣದಷ್ಟು. ಕಾಂಪೌಂಡು ದಾಟಿ ಪಕ್ಕದವರ ಬಟ್ಟೆ ಒಣಹಾಕುವ ತಂತಿಗೂ ಹೋದವು. ಅವರ ಪುಟ್ಟ ಹುಡುಗಿಗೆ ಮೈಯೆಲ್ಲ ದದ್ದೆದ್ದಿತು. ಹುಡುಗಿಯ ಅಮ್ಮ ನನಗೆ ಹೇಳಲಿಲ್ಲ, ಎದುರುಮನೆಯವರ ಹತ್ತಿರ ನೊಂದುಕೊಂಡರು. ನನ್ನ ಕಿವಿಗೆ ಬೀಳುವ ಹೊತ್ತಿಗೆ ಆ ಮಾತು "ಬೇಕಂತಲೇ ಮಕ್ಕಳ ಮೇಲೆ ಹುಳ ಬಿಡೋ ಜನ" ಅಂತಾಗಿತ್ತು. ನನಗೂ ರೋಷ ಬಂತು. ಒಂದೂವರೆ ವರ್ಷ ಮುಖ ನೋಡಲಿಲ್ಲ.

ಎರಡನೇ ಸಂಕ್ರಾಂತಿಯ ಸಂಜೆ ಆ ಹುಡುಗಿ ರೇಷ್ಮೆ ಲಂಗ ಉಟ್ಟು ಎಳ್ಳು ಬೀರಲು ಹೊರಟಿತ್ತು. ನಮ್ಮ ಗೇಟಿನ ಹತ್ತಿರ ಬಂದು ಚಿಲಕಕ್ಕೆ ಕೈ ಹಾಕಿತು. ಹಿಂದೆ ತಿರುಗಿ ಅಮ್ಮನ ಮುಖ ನೋಡಿತು. ಕೈ ತೆಗೆದು ಮುಂದಿನ ಮನೆಗೆ ಹೋಯಿತು. ಕಿಟಕಿಯ ಒಳಗೆ ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಆ ರಾತ್ರಿಯೇ ಎಳ್ಳಿನ ತಟ್ಟೆ ಹಿಡಿದು ಅವರ ಮನೆಗೆ ಹೋದೆ. "ನಮ್ಮ ಮರದಿಂದ ಮಗುವಿಗೆ ತೊಂದರೆಯಾಯಿತು, ತಪ್ಪಾಯಿತು" ಅಂದೆ. ಆಕೆ ಅತ್ತರು, ನಾನೂ ಅತ್ತೆ. ಮುಂದಿನ ಭಾನುವಾರ ಕೊಂಬೆ ಕಡಿಸುವಾಗ ಆ ಕಡೆಯಿಂದ ಹಗ್ಗ ಹಿಡಿದವರು ಆಕೆಯ ಯಜಮಾನರು. ಅರ್ಧ ಗಂಟೆಯ ಕೆಲಸ ಮಗೂ, ಒಂದೂವರೆ ವರ್ಷ ಕಾದಿತ್ತು.

ಹಾಗಾಗಿ ನೀನೇ ಹೋಗು. ಮಳೆ ಸುರಿಯುತ್ತಿರುವಾಗ, ಸಿಟ್ಟು ನೆತ್ತಿಗೇರಿದಾಗ ಬೇಡ. ಭಾನುವಾರ ತಿಂಡಿಯಾದ ಮೇಲೆ ಹೋಗು. "ನಿಮ್ಮ ಪೈಪು" ಅಂತ ಶುರು ಮಾಡಬೇಡ. "ನಮ್ಮ ಗೋಡೆ ಒಂದು ಸಲ ನೋಡಿ ಬನ್ನಿ" ಅಂತ ಒಳಗೆ ಕರೆದುಕೊಂಡು ಬಾ. ನಿನ್ನ ಕೋಣೆಯ ಒಳಗೋಡೆಯನ್ನು ಅವರು ಕಂಡೇ ಇಲ್ಲ, ತಮ್ಮ ತಾರಸಿಯ ನೀರು ಎಲ್ಲಿ ಇಳಿಯುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಗೇಟಿನ ಮುಂದೆ ನಿಲ್ಲಿಸುವ ಕಾರು, ಬೊಗಳುವ ನಾಯಿ, ಇವನ್ನು ಅವತ್ತು ಎತ್ತಲೇಬೇಡ. ಪೈಪಿಗೆ ಒಂದು ಬೆಂಡು ಹಾಕಿ ನೆಲದವರೆಗೆ ಇಳಿಸಿದರೆ ಮುಗಿಯಿತು. ನ್ಯಾಯ ನಿನ್ನ ಕಡೆಯೇ ಇದ್ದರೂ ಖರ್ಚಿನಲ್ಲಿ ಅರ್ಧ ನಾನು ಕೊಡುತ್ತೇನೆ ಅನ್ನು.

ಅವರು ಕೇಳದಿದ್ದರೆ ಇಬ್ಬರೂ ಗೌರವಿಸುವ ಹಿರಿಯರೊಬ್ಬರನ್ನು ಕೂರಿಸಿಕೊಂಡು ಮಾತಾಡಿ. ಅದೂ ಆಗದಿದ್ದರೆ ಕೇಸು ಹಾಕುವ ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಡಬಹುದು. 1987ರ ಕಾಯ್ದೆಯಿಂದ ಬಂದ ವ್ಯವಸ್ಥೆ ಅದು. ಆ ಸಮಿತಿ ನಡೆಸುವ ಲೋಕ ಅದಾಲತ್ತಿನಲ್ಲಿ ಇಬ್ಬರೂ ಒಪ್ಪಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ಅದರ ಮೇಲೆ ಅಪೀಲು ಇಲ್ಲ, ಆದ್ದರಿಂದ ಪೂರ್ತಿ ಓದಿಯೇ ಸಹಿ ಹಾಕು. ವಿಚಾರಿಸಲು 15100 ಅಂತ ಸಹಾಯವಾಣಿಯೂ ಇದೆ. ನಿನ್ನ ದೊಡ್ಡಪ್ಪ ಕೋರ್ಟಿನಲ್ಲಿ ಗುಮಾಸ್ತರಾಗಿದ್ದಾಗ ಒಂದಡಿ ಓಣಿಯ ವ್ಯಾಜ್ಯಕ್ಕೆ ಅಪ್ಪನಾದ ಮೇಲೆ ಮಗ ಬಂದು ಕಟಕಟೆ ಹತ್ತಿದ್ದನ್ನು ಕಂಡವರು. ಅದನ್ನು ಹೇಳುವಾಗೆಲ್ಲ ಅವರ ಮುಖ ಸಪ್ಪಗಾಗುತ್ತಿತ್ತು.

ಎಲ್ಲದಕ್ಕೂ ತಗ್ಗಿ ನಡೆ ಅಂತ ನಾನು ಹೇಳುತ್ತಿಲ್ಲ. ಯಾರಾದರೂ ಕೈ ಎತ್ತಿದರೆ, ಹೆದರಿಸಿದರೆ, ಮನೆಯ ಹೆಣ್ಣುಮಕ್ಕಳಿಗೆ ಹೊಲಸು ಮಾತಾಡಿದರೆ ಅದು ನೆರೆಹೊರೆಯ ಜಗಳವಲ್ಲ. ಆಗ ಹಿಂದುಮುಂದು ನೋಡದೆ 112ಕ್ಕೆ ಫೋನ್ ಮಾಡು. ಆದರೆ ನಿನ್ನದು ನೀರಿನ ಪೈಪು. ಆ ಮನೆಯಲ್ಲಿ ವಯಸ್ಸಾದವರೊಬ್ಬರು ಇದ್ದಾರೆ ಅಂದೆಯಲ್ಲ, ಅವರನ್ನೇ ಮೊದಲು ಮಾತಾಡಿಸು.

ಈ ಭಾನುವಾರವೇ ಹೋಗು. ಗೋಡೆ ಪೂರ್ತಿ ಒಣಗುವವರೆಗೆ ಬಣ್ಣ ಹೊಡೆಸಬೇಡ, ಮತ್ತೆ ಏಳುತ್ತದೆ. ಹೋಗಿ ಬಂದ ಮೇಲೆ ಫೋನ್ ಮಾಡು, ರಾತ್ರಿ ಒಂಬತ್ತೂವರೆಯವರೆಗೂ ನಾನು ಎಚ್ಚರವಾಗಿಯೇ ಇರುತ್ತೇನೆ.